ಮೆಕ್ಯಾನಿಕಲ್ ಓದುವ ಮಕ್ಕಳೂ ನಮ್ಮ ರಾಗಿ ಕಣವೂ



ಕಳೆದ ಸಂಕ್ರಾಂತಿ ಮುಗಿದ ವಾರ ನಮ್ಮೂರಿಗೆ ಮೂವರು ಹುಡುಗರು ಬಂದಿದ್ದರು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೇ ವರ್ಷದವರು. ಕಾಲೇಜಿನ ಹೆಸರು ಇಲ್ಲಿ ಬೇಡ, ಯಾವ ಕಾಲೇಜಿನವರು ಬಂದಿದ್ದರೂ ಕತೆ ಇದೇ ಆಗುತ್ತಿತ್ತು. ರಾಗಿ ಒಕ್ಕುವ ಯಂತ್ರದ ಮೇಲೆ ಪ್ರಾಜೆಕ್ಟು ಮಾಡ್ತಿದೀವಿ, ರೈತರ ಅಭಿಪ್ರಾಯ ಬರೆದುಕೊಂಡು ಹೋಗಬೇಕು ಅಂದರು. ಅರಳಿಕಟ್ಟೆ ಮೇಲೆ ಕೂರಿಸಿಕೊಂಡು ಕಾಫಿ ಕೊಟ್ಟೆವು. ಲ್ಯಾಪ್‌ಟಾಪ್ ತೆಗೆದು ಯಂತ್ರ ತೋರಿಸಿದರು. ಏನು ಚೆಂದ ಅಂತೀರಿ! ತಿರುಗಿಸಿದರೆ ತಿರುಗುತ್ತದೆ, ಬಿಚ್ಚಿದರೆ ಬಿಚ್ಚಿಕೊಳ್ಳುತ್ತದೆ, ಒಳಗಿನ ಡ್ರಮ್ಮು ಒಂದು ಬಣ್ಣ, ಜರಡಿ ಒಂದು ಬಣ್ಣ.

ಅಲ್ಲಿ ಕೂತಿದ್ದವರಲ್ಲಿ ಒಬ್ಬರು ಹಿರಿಯರು, ಎಡಗೈಯಲ್ಲಿ ಮೂರು ಬೆರಳಿಲ್ಲದವರು, ಬಗ್ಗಿ ನೋಡಿ ಒಂದೇ ಮಾತು ಕೇಳಿದರು: 'ಕೈ ಎಲ್ಲಿಗೆ ಬರ್ತದಪ್ಪಾ ಇದರಾಗೆ?'

ಹುಡುಗರಿಗೆ ಅರ್ಥ ಆಗಲಿಲ್ಲ. 'ಡ್ರಾಯಿಂಗಿನಲ್ಲಿ ಕೈ ಹಾಕಿಲ್ಲ ತಾತ' ಅಂದ ಒಬ್ಬ. ಯಾರೂ ನಗಲಿಲ್ಲ. ಆ ಹುಡುಗನೇ ಆಮೇಲೆ ತಾತನ ಕೈ ನೋಡಿ ತಲೆ ತಗ್ಗಿಸಿದ.

ಹುಡುಗರನ್ನು ಬಯ್ಯೋಕೆ ಈ ಸಂಪಾದಕೀಯ ಬರೆಯುತ್ತಿಲ್ಲ. ಮೂವರಲ್ಲಿ ಇಬ್ಬರು ರೈತರ ಮಕ್ಕಳೇ. ಒಬ್ಬನ ಅಪ್ಪ ಎರಡೂವರೆ ಎಕರೆ ಅಡವಿಟ್ಟು ಫೀಸು ಕಟ್ಟಿದ್ದಾನೆ. ಅಂದರೆ ನಮ್ಮ ಸಾಲದ ದುಡ್ಡಿನಲ್ಲೇ ನಡೆಯುವ ವಿದ್ಯೆ ಅದು. ಹಾಗಿದ್ದ ಮೇಲೆ ಅಲ್ಲಿ ಏನು ಕಲಿಸುತ್ತಾರೆ ಅಂತ ಕೇಳುವ ಹಕ್ಕು ನಮಗಿದೆ. ಬೆಲೆ, ಸಾಲ ಅಂತ ಮಾತಾಡುವ ಈ ಪತ್ರಿಕೆಯಲ್ಲಿ ಇಂಜಿನಿಯರಿಂಗ್ ಪಾಠದ ಮಾತು ಯಾಕೆ ಅಂತ ಕೆಲವರು ಕೇಳಬಹುದು. ಓದಿ, ಬೆಲೆಗೂ ಸಾಲಕ್ಕೂ ಅದು ಎಲ್ಲಿ ಬಂದು ಕೂಡುತ್ತದೆ ಅಂತ ಗೊತ್ತಾಗುತ್ತದೆ.

ಮೊದಲು ಆ ಕೈಯ ವಿಷಯ. ಒಕ್ಕಣೆ ಯಂತ್ರಕ್ಕೆ ಕಂತೆ ಕೊಡುವ ಬಾಯಿ ಇದೆಯಲ್ಲ, ಆ ತೊಟ್ಟಿ ಚಿಕ್ಕದಾಗಿದ್ದರೆ ಕಂತೆಯನ್ನು ಡ್ರಮ್ಮು ಎಳೆದುಕೊಂಡಾಗ ಕೈಯೂ ಜೊತೆಗೆ ಹೋಗುತ್ತದೆ. ಇದು ದೇಶದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿದ್ದರಿಂದಲೇ ಪಾರ್ಲಿಮೆಂಟು 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯಿದೆ ಮಾಡಿತು, ಅದರಲ್ಲಿ ಒಕ್ಕಣೆ ಯಂತ್ರವನ್ನು ಸೇರಿಸಿತು. ಭಾರತೀಯ ಮಾನಕ 9020ರಲ್ಲಿ ಆ ತೊಟ್ಟಿ ಕನಿಷ್ಠ 900 ಮಿಲಿಮೀಟರ್, ಅಂದರೆ ಸುಮಾರು ಮೂರಡಿ ಉದ್ದ ಇರಬೇಕು, ಅದರಲ್ಲಿ ಅರ್ಧ ಭಾಗ ಮೇಲೆ ಮುಚ್ಚಿರಬೇಕು ಅಂತ ಹೇಳಿದೆ. ತೋಳು ಎಷ್ಟು ಚಾಚಿದರೂ ಡ್ರಮ್ಮಿನ ಹಲ್ಲಿಗೆ ಬೆರಳು ಮುಟ್ಟಬಾರದು ಅನ್ನೋದೇ ಅದರ ಲೆಕ್ಕ. ಖರ್ಚೇನು? ಒಂದಿಷ್ಟು ತಗಡು, ನಾಲ್ಕು ವೆಲ್ಡಿಂಗು. ಆದರೂ ಸಂತೆಗೆ ಬರುವ ಎಷ್ಟೋ ಯಂತ್ರಗಳಲ್ಲಿ ಆ ತಗಡನ್ನೇ ಉಳಿಸಿರುತ್ತಾರೆ. ಕೈ ಹೋದ ಮೇಲೆ ಏನಂತಾರೆ? 'ಕೂಲಿಯವಳು ಅಜಾಗರೂಕತೆಯಿಂದ ಕೈ ಕೊಟ್ಟಳು' ಅಂತಾರೆ. ಅಜಾಗರೂಕತೆ ಯಾರದು ಸ್ವಾಮಿ? ರಾತ್ರಿ ಹತ್ತು ಗಂಟೆವರೆಗೆ ಬಾಡಿಗೆ ಯಂತ್ರ ತಿರುಗುತ್ತಿರುವಾಗ ನಿದ್ದೆಗಣ್ಣಿನಲ್ಲಿ ಕಂತೆ ಕೊಡುವವಳದೋ, ಹಗಲು ಹೊತ್ತು ಫ್ಯಾನ್ ಕೆಳಗೆ ಕೂತು ಆ ಬಾಯಿಯ ಅಳತೆ ಹಾಕಿದವನದೋ?

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅದನ್ನೂ ಹೇಳಿಬಿಡಬೇಕು. ಉದ್ದದ ತೊಟ್ಟಿ ಇರುವ ಯಂತ್ರ ಕೊಟ್ಟರೂ ನಮ್ಮವರು ಕೆಲವರು ಅದನ್ನು ಕಿತ್ತು ಪಕ್ಕಕ್ಕಿಟ್ಟು ಓಡಿಸುತ್ತಾರೆ. ಯಾಕೆಂದರೆ ಕೆಲಸ ನಿಧಾನ ಆಗುತ್ತದೆ, ಬಾಡಿಗೆ ಗಂಟೆ ಲೆಕ್ಕ. ಹಾಗಾದರೆ ತಗಡು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಿತ್ತರೆ ಯಂತ್ರವೇ ತಿರುಗದಂತೆ, ಇದ್ದರೆ ಕೆಲಸ ನಿಧಾನ ಆಗದಂತೆ ಮಾಡುವುದು ಹೇಗೆ ಅಂತ ತಲೆ ಓಡಿಸಬೇಕು. ವಸ್ತು ವಿನ್ಯಾಸ, ಪ್ರಾಡಕ್ಟ್ ಡಿಸೈನ್ ಅಂತ ಕಾಲೇಜಿನಲ್ಲಿ ಹೇಳುವ ವಿದ್ಯೆ ಇದೇ. ದೆಹಲಿಯ ಐಐಟಿಯಲ್ಲಿ ದಿನೇಶ್ ಮೋಹನ್ ಮತ್ತು ಅವರ ಸಂಗಡಿಗರು ಮೇವು ಕತ್ತರಿಸುವ ಯಂತ್ರದ ಬಗ್ಗೆ ಇದನ್ನೇ ಮಾಡಿದ್ದರು. ಮೊದಲು ಉತ್ತರ ಭಾರತದ ಹಳ್ಳಿಗಳಿಗೆ ಹೋಗಿ ಯಾರ ಬೆರಳು ಹೇಗೆ ಹೋಯಿತು ಅಂತ ಕೇಳಿ ಬರೆದುಕೊಂಡರು. ಯಂತ್ರ ನಿಂತಿದ್ದಾಗ ಚಕ್ರ ತಿರುಗಿಸಿ ಆಡುವ ಮಕ್ಕಳ ಬೆರಳೂ ಹೋಗುತ್ತದೆ ಅಂತ ತಿಳಿಯಿತು. ಅದಕ್ಕೆ ಚಕ್ರಕ್ಕೆ ಒಂದು ಬೀಗದ ಗೂಟ, ಬಾಯಿಯ ಹತ್ತಿರ ಕೈ ಬಂದರೆ ಮೊದಲೇ ತಗುಲಿ ಎಚ್ಚರಿಸುವ ಒಂದು ಉರುಳೆ, ಅಲಗಿಗೆ ಒಂದು ಮರೆ ಮಾಡಿದರು. ದೊಡ್ಡ ವಿಜ್ಞಾನ ಏನೂ ಅಲ್ಲ, ಕೇಳಿಸಿಕೊಳ್ಳುವ ಕಿವಿ ಬೇಕಿತ್ತು ಅಷ್ಟೇ.

ಯಂತ್ರದ ಬಗ್ಗೆ ನಮಗೆ ಗೊತ್ತಿಲ್ಲ ಅಂತ ಯಾರೂ ತಿಳಿಯಬಾರದು. ನಮ್ಮ ಕೂರಿಗೆಯನ್ನು ನೋಡಿ. ಜಾಲಿ ಮರ, ಬಿದಿರು, ಒಂದಿಷ್ಟು ಕಬ್ಬಿಣ. ಬಟ್ಟಲಿಗೆ ಬಿದ್ದ ಬೀಜ ಹನ್ನೆರಡು ತಾಳಿಗೂ ಸಮವಾಗಿ ಹಂಚಿಹೋಗುತ್ತದೆ. ಸಾವಿರ ಕಾಳು ತೂಗಿದರೂ ಮೂರು ಗ್ರಾಂ ಬರದ ರಾಗಿಯನ್ನು ಸಾಲಾಗಿ ಬಿತ್ತುವುದು ಸಾಮಾನ್ಯ ಕೆಲಸವಲ್ಲ. ಹಿಂದೆ ಸಡ್ಡೆ ಕಟ್ಟಿಕೊಂಡರೆ ಅಕ್ಕಡಿ ಸಾಲಿಗೆ ಅವರೆ, ತೊಗರಿಯೂ ಅದೇ ಹೊತ್ತಿಗೆ ಬೀಳುತ್ತದೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ನೋಡಿ ತನ್ನ ಬರಹದಲ್ಲಿ ದಾಖಲು ಮಾಡಿದ್ದಾನೆ. ತಾಳು ಮುರಿದರೆ ಮಧ್ಯಾಹ್ನದೊಳಗೆ ಊರಿನ ಆಚಾರಿ ಸರಿ ಮಾಡುತ್ತಿದ್ದ. (ಆಯದ ಪದ್ಧತಿ ಆಚಾರಿಗೂ ಕಮ್ಮಾರನಿಗೂ ನ್ಯಾಯ ಮಾಡಿತು ಅಂತ ನಾನು ಹೇಳುವುದಿಲ್ಲ. ಅದರ ಲೆಕ್ಕ ಬೇರೆಯೇ ಇದೆ.) ಆದರೆ ಯಂತ್ರ ಮಾಡಿದವನೂ ಉಪಯೋಗಿಸುವವನೂ ಒಂದೇ ಊರಿನಲ್ಲಿ ಮುಖ ನೋಡಿಕೊಂಡು ಬದುಕುತ್ತಿದ್ದರು. ಕೂರಿಗೆ ಸರಿ ಬಿತ್ತದಿದ್ದರೆ ಆಚಾರಿಗೆ ಕಣದಲ್ಲಿ ಮಾತು ಕೇಳಬೇಕಾಗುತ್ತಿತ್ತು. ಇವತ್ತು ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತನೆ ಯಂತ್ರ ರಾಗಿಯನ್ನು ಮುದ್ದೆ ಮುದ್ದೆಯಾಗಿ ಸುರಿದರೆ ನೀವು ಯಾರ ಮನೆ ಬಾಗಿಲಿಗೆ ಹೋಗುತ್ತೀರಿ?

ಇನ್ನು ದುಡ್ಡಿನ ಮಾತು. ಒಂದು ಯಂತ್ರದ ಬೆಲೆ ಕಾರ್ಖಾನೆಯಲ್ಲಿ ನಿರ್ಧಾರ ಆಗುತ್ತದೆ ಅಂತ ನಾವು ತಿಳಿದಿದ್ದೇವೆ. ಅದು ಅದಕ್ಕೂ ಮೊದಲು, ಡ್ರಾಯಿಂಗ್ ಹಾಕುವಾಗಲೇ ಬಹುಪಾಲು ನಿರ್ಧಾರ ಆಗಿಹೋಗಿರುತ್ತದೆ. ಒಂದು ಭಾಗವನ್ನು ತಗಡು ಕತ್ತರಿಸಿ ವೆಲ್ಡ್ ಮಾಡಬೇಕೋ, ಅಚ್ಚಿನಲ್ಲಿ ಎರಕ ಹೊಯ್ಯಬೇಕೋ ಅನ್ನುವುದು ಡಿಸೈನ್ ಮಾಡುವವನ ತೀರ್ಮಾನ. ಲೆಕ್ಕಕ್ಕೆ ಹಿಡಿಯೋಣ: ಅಚ್ಚಿಗೆ ಐದು ಲಕ್ಷ ಬಿತ್ತು. ಐನೂರು ಯಂತ್ರ ಮಾಡಿದರೆ ಒಂದೊಂದರ ತಲೆ ಮೇಲೆ ಸಾವಿರ ರೂಪಾಯಿ ಅಚ್ಚಿನ ಖರ್ಚು. ಐವತ್ತು ಸಾವಿರ ಮಾಡಿದರೆ ಬರೀ ಹತ್ತು ರೂಪಾಯಿ. ದೊಡ್ಡ ಕಂಪನಿಗಳು ಗೋಧಿಗೆ, ಭತ್ತಕ್ಕೆ ಯಂತ್ರ ಮಾಡಿ, ರಾಗಿಗೆ, ಅವರೆಗೆ, ಹುರುಳಿಗೆ ಮಾಡೋದಿಲ್ಲ ಅಂದರೆ ಗುಟ್ಟು ಇದೇ. ನಮ್ಮ ಬೆಳೆಯ ಸಂತೆ ಸಣ್ಣದು, ಅವರ ಅಚ್ಚು ದೊಡ್ಡದು. ಲಾಭಕ್ಕೆ ಮಾಡುವವನು ಮಾಡದ ಕೆಲಸವನ್ನು ಮತ್ತೆ ಯಾರು ಮಾಡಬೇಕು? ಜನರ ತೆರಿಗೆಯಲ್ಲಿ, ಜನರ ಫೀಸಿನಲ್ಲಿ ನಡೆಯುವ ಕಾಲೇಜುಗಳೇ ಮಾಡಬೇಕು. ಅಚ್ಚಿಲ್ಲದೆ, ತಾಲ್ಲೂಕು ಊರಿನ ಲೇತ್ ಅಂಗಡಿಯಲ್ಲಿ ಐವತ್ತು ನೂರು ಯಂತ್ರ ಮಾಡಿದರೂ ಗಿಟ್ಟುವಂತೆ ಡಿಸೈನ್ ಮಾಡುವುದು ನಿಜವಾಗಿ ಕಷ್ಟದ ವಿದ್ಯೆ. ಅದನ್ನು ಕಲಿಸಲಿ.

ಬೇರಿಂಗಿನ ಮಾತು ಕೇಳಿ. 6205 ನಂಬರಿನ ಬೇರಿಂಗು ಅಂದರೆ ಒಳತೂತು 25 ಮಿಲಿಮೀಟರ್, ಹೊರ ಅಳತೆ 52. ಯಾವ ತಾಲ್ಲೂಕಿನ ಅಂಗಡಿಯಲ್ಲೂ ಸಿಗುತ್ತದೆ, ಯಾವ ಕಂಪನಿಯದಾದರೂ ಕೂರುತ್ತದೆ. ಡಿಸೈನ್ ಮಾಡುವವನು ಇದನ್ನು ಬಿಟ್ಟು ತನ್ನದೇ ಅಳತೆ ಹಾಕಿದ ಅಂದುಕೊಳ್ಳಿ, ಆವತ್ತಿನಿಂದ ನೀವು ಆ ಕಂಪನಿಯ ಡೀಲರಿಗೆ ಒಕ್ಕಲು. ಅವನು ಹೇಳಿದ ರೇಟು, ಅವನು ತರಿಸಿದ ದಿನ. ಮುಂಗಾರಿನ ಹದ ಮೂರು ದಿನ ಇರುತ್ತದೆ, ಸ್ಪೇರು ಬರೋಕೆ ಎಂಟು ದಿನ. ಬೋಲ್ಟುಗಳದ್ದೂ ಇದೇ ಹಾಡು. ಎರಡು ಪಾನಾದಲ್ಲಿ ಬಿಚ್ಚಬಹುದಾದ ಯಂತ್ರಕ್ಕೆ ಏಳು ಅಳತೆಯ ಬೋಲ್ಟು ಹಾಕಿರುತ್ತಾರೆ.

ಸಾಲಕ್ಕೆ ಬನ್ನಿ. ಎರಡು ಲಕ್ಷದ ಒಕ್ಕಣೆ ಯಂತ್ರ ಸಾಲ ಮಾಡಿ ತಂದಿರಿ, ಹತ್ತು ವರ್ಷ ಬಾಳುತ್ತದೆ ಅನ್ನೋಣ. ಸವಕಳಿ ವರ್ಷಕ್ಕೆ ಇಪ್ಪತ್ತು ಸಾವಿರ. ನಡುವಿನ ಲೆಕ್ಕದಲ್ಲಿ ಒಂದು ಲಕ್ಷಕ್ಕೆ ಶೇ. 10ರಂತೆ ಬಡ್ಡಿ ಹತ್ತು ಸಾವಿರ. ಡೀಸೆಲ್, ಕೂಲಿ, ರಿಪೇರಿ ಸೇರಿಸದೆಯೇ ವರ್ಷಕ್ಕೆ ಮೂವತ್ತು ಸಾವಿರ ಆಯಿತು. ಅದು ರಾಗಿ ಒಂದನ್ನೇ ಒಕ್ಕಿ ನೂರು ಗಂಟೆ ಓಡಿದರೆ ಗಂಟೆಗೆ ಮುನ್ನೂರು ರೂಪಾಯಿ. ಜರಡಿ ಬದಲಿಸಿ, ಡ್ರಮ್ಮಿನ ವೇಗ ಇಳಿಸಿ ಅವರೆ, ತೊಗರಿ, ಭತ್ತವನ್ನೂ ಒಕ್ಕುವ ಹಾಗಿದ್ದು ಮುನ್ನೂರು ಗಂಟೆ ಓಡಿದರೆ ಗಂಟೆಗೆ ನೂರೇ ರೂಪಾಯಿ. ಜರಡಿ ಬದಲಿಸಲು ಬರುತ್ತದೋ ಇಲ್ಲವೋ ಅನ್ನುವುದು ಬ್ಯಾಂಕಿನ ಮ್ಯಾನೇಜರನ ಕೈಯಲ್ಲಿಲ್ಲ, ಡಿಸೈನ್ ಮಾಡುವವನ ಪೆನ್ಸಿಲ್ಲಿನಲ್ಲಿದೆ. 2014ರಲ್ಲಿ ಶುರುವಾದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಿಗೂ ಇದೇ ಲೆಕ್ಕ. ಯಂತ್ರ ಸುಮ್ಮನೆ ನಿಂತಷ್ಟೂ ಬಾಡಿಗೆ ಏರುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಸ್ವಾರಸ್ಯ ಕೇಳಿ. ಆ ಹುಡುಗರ ಪ್ರಾಜೆಕ್ಟು ಪುಸ್ತಕ ತಿರುವಿ ಹಾಕಿದೆ. ಕೊನೆಗೆ 'ಕಾಸ್ಟ್ ಎಸ್ಟಿಮೇಶನ್' ಅಂತ ಒಂದು ಪುಟ. ಕಬ್ಬಿಣಕ್ಕೆ ಇಷ್ಟು, ಕೂಲಿಗೆ ಇಷ್ಟು, ಲೇತ್ ಯಂತ್ರ ಗಂಟೆಗೆ ಇಷ್ಟು, ಷೆಡ್ಡಿನ ಬಾಡಿಗೆ, ಕರೆಂಟು, ಸವಕಳಿ, ಹಾಕಿದ ಬಂಡವಾಳಕ್ಕೆ ಬಡ್ಡಿ, ಇದೆಲ್ಲದರ ಮೇಲೆ ಲಾಭ, ಆಮೇಲೆ ಮಾರಾಟದ ಬೆಲೆ. ನಾನು ಕೇಳಿದೆ: 'ಷೆಡ್ಡು ಸ್ವಂತದ್ದಾದರೆ ಬಾಡಿಗೆ ಬಿಟ್ಟುಬಿಡ್ತೀರೇನಪ್ಪಾ?' 'ಇಲ್ಲ ಸಾರ್, ಸ್ವಂತದ್ದಾದರೂ ಲೆಕ್ಕಕ್ಕೆ ಹಿಡೀಬೇಕು, ಮೇಷ್ಟ್ರು ಮಾರ್ಕ್ಸ್ ಕಟ್ ಮಾಡ್ತಾರೆ' ಅಂದ.

ಬಂಧುಗಳೇ, ನಾವು ಇಷ್ಟು ವರ್ಷದಿಂದ ಬೀದಿಯಲ್ಲಿ ಕೂಗುತ್ತಿರುವುದು ಇದನ್ನೇ ಅಲ್ಲವೇ? 2025-26ರ ಮುಂಗಾರಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ ಅಂತ ಕೇಂದ್ರ ಸರ್ಕಾರ ಸಾರಿತು. ಖರ್ಚು 3,257, ಅದರ ಒಂದೂವರೆ ಪಾಲು ಕೊಟ್ಟಿದ್ದೇವೆ ಅಂತ ಹೇಳಿಕೊಂಡಿತು. ಆ 3,257ರಲ್ಲಿ ಕೈಯಿಂದ ಹಾಕಿದ ಖರ್ಚಿದೆ, ಮನೆ ಮಂದಿಯ ದುಡಿಮೆಗೆ ಒಂದು ಕೂಲಿ ಇದೆ. ಸ್ವಂತ ಭೂಮಿಯ ಗೇಣಿ ಇಲ್ಲ, ಸ್ವಂತ ಬಂಡವಾಳದ ಬಡ್ಡಿ ಇಲ್ಲ. ಅವೆರಡನ್ನೂ ಸೇರಿಸಿದ ಪೂರ್ತಿ ಖರ್ಚಿನ ಲೆಕ್ಕ, ಸಿ-2 ಅನ್ನುವುದು, ಸರ್ಕಾರದ ಬೆಲೆ ಆಯೋಗದ ಹತ್ತಿರವೇ ಇದೆ. ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಶೇ. 50 ಸೇರಿಸಿ ಕೊಡಿ ಅಂತ ಸ್ವಾಮಿನಾಥನ್ ಆಯೋಗ ಹೇಳಿ ಮುಗಿದಿದ್ದು 2006ರಲ್ಲಿ. ಷೆಡ್ಡಿನ ಬಾಡಿಗೆ ಬಿಟ್ಟರೆ ಇಪ್ಪತ್ತೊಂದು ವರ್ಷದ ಹುಡುಗನಿಗೆ ಮಾರ್ಕ್ಸ್ ಹೋಗುತ್ತದೆ. ನಮ್ಮ ಭೂಮಿಯ ಗೇಣಿ ಬಿಟ್ಟವರಿಗೆ ಬಡ್ತಿ ಸಿಗುತ್ತದೆ. ಕಾಲೇಜಿನ ಮೇಷ್ಟ್ರುಗಳಲ್ಲಿ ನನ್ನ ವಿನಂತಿ: ಆ ಕಾಸ್ಟ್ ಎಸ್ಟಿಮೇಶನ್ ಪಾಠವನ್ನು ಒಂದು ಸಲ ಒಂದು ಕ್ವಿಂಟಾಲ್ ರಾಗಿಯ ಮೇಲೆ ಮಾಡಿಸಿ. ಮಕ್ಕಳಿಗೆ ತಮ್ಮ ಅಪ್ಪಂದಿರು ಯಾಕೆ ಸಾಲಗಾರರು ಅಂತ ಒಂದೇ ಪೀರಿಯಡ್ಡಿನಲ್ಲಿ ತಿಳಿಯುತ್ತದೆ.

ತೆರಿಗೆಯದ್ದೂ ಸ್ವಲ್ಪ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್, ಕೃಷಿ ಯಂತ್ರಗಳ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ 5ಕ್ಕೆ ಇಳಿಸಿದರು. ಒಳ್ಳೆಯದೇ. ಕಾರ್ಖಾನೆಯವನು ಕಬ್ಬಿಣಕ್ಕೆ ಕೊಟ್ಟ ತೆರಿಗೆಯನ್ನು ಲೆಕ್ಕದಲ್ಲಿ ಹಿಂದಕ್ಕೆ ಪಡೆಯುತ್ತಾನೆ, ರೈತ ಕೊಟ್ಟಿದ್ದು ಕೊಟ್ಟ ಹಾಗೇ.

ಈಗ ಕಾಲೇಜಿನ ಒಳಗೆ ಏನು ನಡೆಯುತ್ತದೆ ನೋಡೋಣ. ಮೊದಲ ವರ್ಷ ವರ್ಕ್‌ಷಾಪಿನಲ್ಲಿ ಕಬ್ಬಿಣದ ಎರಡು ತುಂಡನ್ನು ಅರದಿಂದ ಉಜ್ಜಿ ಒಂದಕ್ಕೊಂದು ಕೂರುವ ಹಾಗೆ ಮಾಡಿಸುತ್ತಾರೆ. ಕೈ ಪಳಗೋಕೆ ಅದು ಬೇಕು, ನಾನು ಬೇಡ ಅನ್ನುವುದಿಲ್ಲ. ಮಾರ್ಕ್ಸ್ ಹಾಕಿ ಗುಜರಿಗೆ ಎಸೆಯುತ್ತಾರೆ. ಅದೇ ಹೊತ್ತಿನಲ್ಲಿ ಒಂದು ಎಡೆಕುಂಟೆಯ ಅಲಗನ್ನೋ, ಕುಡುಗೋಲನ್ನೋ ಮಾಡಿಸಿದರೆ ಅರ ಬೇಜಾರು ಮಾಡಿಕೊಳ್ಳುತ್ತದೆಯೇ? ಆಮೇಲೆ ಮೂರು ವರ್ಷ ಸೂತ್ರ, ಕಂಪ್ಯೂಟರು. ಕೊನೆಗೆ ಪ್ರಾಜೆಕ್ಟು. ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ತಯಾರು ಪ್ರಾಜೆಕ್ಟು ಕಟ್ಟಿಕೊಡುವ ಅಂಗಡಿಗಳಿವೆ ಅನ್ನುವುದು ಊರಿಗೆಲ್ಲ ಗೊತ್ತಿರುವ ಗುಟ್ಟು. ಸಾಲದ ದುಡ್ಡಿನಲ್ಲಿ ಅದಕ್ಕೂ ಒಂದು ಪಾಲು.

ಇನ್ನೊಂದು, ಯಾರೂ ಗಮನಿಸದ್ದು. ಪ್ರಾಜೆಕ್ಟು ಮುಗಿಸಿ ಪರೀಕ್ಷೆ ಕೊಡುವುದು ಬೇಸಿಗೆಯಲ್ಲಿ. ನಾವು ಕೂರಿಗೆ ಹೂಡುವುದು ಮುಂಗಾರು ಬಿದ್ದ ಮೇಲೆ. ಬಿತ್ತನೆ ಯಂತ್ರ ಮಾಡಿದ ಹುಡುಗ ಅದನ್ನು ಸಿಮೆಂಟ್ ನೆಲದ ಮೇಲೆ ಎಳೆದು ತೋರಿಸಿ ಡಿಗ್ರಿ ತಗೊಂಡು ಹೊರಟುಹೋಗುತ್ತಾನೆ. ಆ ಯಂತ್ರ ಹಸಿ ಮಣ್ಣನ್ನೇ ಕಾಣೋದಿಲ್ಲ. ತಾಳಿಗೆ ಜೇಡಿ ಮೆತ್ತಿಕೊಂಡರೆ ಬೀಜ ಬೀಳುತ್ತದೋ ಇಲ್ಲವೋ ಅವನಿಗೆ ಗೊತ್ತಿಲ್ಲ, ಮಾರ್ಕ್ಸ್ ಕೊಟ್ಟವರಿಗೂ ಗೊತ್ತಿಲ್ಲ.

ಇದೆಲ್ಲ ಆಗದ ಹೋಗದ ಮಾತಲ್ಲ. ಅಮೆರಿಕದ ಎಂಐಟಿಯಲ್ಲಿ 1970ರ ದಶಕದಲ್ಲೇ ವುಡಿ ಫ್ಲವರ್ಸ್ ಎಂಬ ಮೇಷ್ಟ್ರು ವಿದ್ಯಾರ್ಥಿಗಳಿಗೆ ಒಂದೊಂದು ಚೀಲ ಹಳೇ ಸಾಮಾನು ಕೊಟ್ಟು, ಇದರಲ್ಲೇ ಯಂತ್ರ ಕಟ್ಟಿ ತಂದು ಎಲ್ಲರೆದುರು ಓಡಿಸಿ ಅಂತ ಪಂದ್ಯ ಇಡುತ್ತಿದ್ದರು. ಓಡದಿದ್ದರೆ ಸೂತ್ರ ಹೇಳಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅದೇ ಸಂಸ್ಥೆಯಲ್ಲಿ 2002ರಿಂದ ಆಮಿ ಸ್ಮಿತ್ ಎಂಬಾಕೆ ಡಿ-ಲ್ಯಾಬ್ ಅಂತ ತರಗತಿ ಶುರು ಮಾಡಿ, ವಿದ್ಯಾರ್ಥಿಗಳನ್ನು ಬಡ ದೇಶಗಳ ಹಳ್ಳಿಗಳಿಗೆ ಕರೆದೊಯ್ದರು. ಆಕೆ ಅದಕ್ಕೂ ಮುಂಚೆ ಆಫ್ರಿಕದ ಬೋಟ್ಸ್‌ವಾನಾದಲ್ಲಿ ಇದ್ದು ಬಂದವರು.

ಅಮೆರಿಕದವರೆಗೆ ಯಾಕೆ, ನಮ್ಮಲ್ಲೇ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಸ್ತ್ರ ಎಂಬ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರದೊಂದು ಶಾಖೆಯಿತ್ತು. ವಿಜ್ಞಾನಿಗಳು ಹಳ್ಳಿಗೆ ಬಂದು ಹೆಂಗಸರು ಒಲೆಗೆ ಎಷ್ಟು ಸೌದೆ ಹಾಕುತ್ತಾರೆ ಅಂತ ತೂಗಿ ನೋಡಿದರು. ಅಸ್ತ್ರ ಒಲೆ ಹುಟ್ಟಿದ್ದು ಹಾಗೆ. ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಹಣ ಕೊಡುವ ಯೋಜನೆಯನ್ನು ರಾಜ್ಯ ವಿಜ್ಞಾನ ತಂತ್ರಜ್ಞಾನ ಮಂಡಳಿ 1977ರಲ್ಲೇ ಆರಂಭಿಸಿತು. ಅಂದರೆ ದಾರಿ ಇದೆ, ದುಡ್ಡಿನ ಬಾಗಿಲೂ ಇದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಯಾವ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲೂ ಹತ್ತದೆ ಬಿತ್ತನೆ ಕೂರಿಗೆ, ಹುಣಸೆ ಬೀಜ ಬೇರ್ಪಡಿಸುವ ಯಂತ್ರ ಮಾಡಿದರು. 2022ರಲ್ಲಿ ಪದ್ಮಶ್ರೀ ಕೊಟ್ಟರು. ಪದಕ ಕೊಟ್ಟು ಫೋಟೋ ಹಿಡಿದದ್ದು ಸಂತೋಷ. ಅಂಥವರನ್ನು ವಾರಕ್ಕೆರಡು ದಿನ ಕರೆಸಿ, ಪ್ರೊಫೆಸರಿಗೆ ಕೊಡುವ ದರದಲ್ಲೇ ಸಂಬಳ ಕೊಟ್ಟು ಪಾಠ ಹೇಳಿಸುವ ಧೈರ್ಯ ಎಷ್ಟು ಕಾಲೇಜಿಗಿದೆ?

ನಮ್ಮ ತಪ್ಪೂ ಇದೆ, ಮುಚ್ಚಿಟ್ಟು ಬರೆಯಬಾರದು. 'ಮಣ್ಣು ಮುಟ್ಟಬೇಡ, ಓದಿ ಎ.ಸಿ. ರೂಮಿನಲ್ಲಿ ಕೂತ್ಕೊ' ಅಂತ ಮಗನಿಗೆ ಹೇಳಿ ಕಳಿಸಿದವರು ನಾವೇ. ಸಬ್ಸಿಡಿ ಬಂದಾಗ ತಗಡು ಎಷ್ಟು ದಪ್ಪ, ಬೇರಿಂಗು ಯಾವ ನಂಬರು ಅಂತ ಕೇಳದೆ ಬಣ್ಣ ನೋಡಿ ಸಹಿ ಹಾಕಿದವರೂ ನಾವೇ. ಹುಡುಗರು ಬಂದು ಅಭಿಪ್ರಾಯ ಕೇಳಿದರೆ 'ಮೊದಲು ಸಾಲ ಮನ್ನಾ ಮಾಡ್ಸಿ' ಅಂತ ಗೇಲಿ ಮಾಡಿ ಕಳಿಸಿದ್ದೂ ಉಂಟು.

ನಮ್ಮೂರಿಗೆ ಬಂದ ಮೂವರಿಗೆ ಆ ದಿನ ನಾವು ಬೇಕು ಬೇಡಗಳನ್ನು ಬರೆಸಿ ಕಳಿಸಿದೆವು. ಕಾಳು ಒಡೆಯಬಾರದು. ಹುಲ್ಲು ಪುಡಿಯಾಗಬಾರದು, ದನಕ್ಕೆ ವರ್ಷವಿಡೀ ಬೇಕು, ಮೆದೆ ಹಾಕೋಕೆ ಬರಬೇಕು. ಸೀರೆ ಉಟ್ಟ ಹೆಣ್ಣುಮಗಳು ನಿಂತು ಕಂತೆ ಕೊಡುವ ಎತ್ತರ ಇರಬೇಕು, ಬೆಲ್ಟಿಗೆ ಮರೆ ಇರಬೇಕು, ಸೆರಗು ಸಿಕ್ಕಬಾರದು. ಊರಿನ ಸಿಂಗಲ್ ಫೇಸ್ ಕರೆಂಟಿನಲ್ಲೂ ಓಡಬೇಕು. ಇಬ್ಬರು ಎತ್ತಿ ಗಾಡಿಗೆ ಹಾಕುವಂತಿರಬೇಕು. ಇದೆಲ್ಲ ಒಂದೇ ಯಂತ್ರದಲ್ಲಿ ಆಗಲಿಕ್ಕಿಲ್ಲ, ಯಾವುದನ್ನು ಬಿಡಬೇಕು ಅಂತ ಬಂದು ನಮ್ಮನ್ನು ಕೇಳಿ ಬಿಡಿ ಅಂದೆವು. ಫೆಬ್ರವರಿಯಲ್ಲಿ ಒಬ್ಬ ಫೋನ್ ಮಾಡಿ, ತೊಟ್ಟಿ ಮೂರಡಿ ಮಾಡಿದ್ದೇವೆ, ತಾತನಿಗೆ ಹೇಳಿ ಅಂದ.

ನಮ್ಮ ಬೇಡಿಕೆ ಇಷ್ಟು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಹುಟ್ಟಿದ್ದು, ರಾಜ್ಯದ ಬಹಳಷ್ಟು ಇಂಜಿನಿಯರಿಂಗ್ ಕಾಲೇಜುಗಳು ಅದರ ಕೆಳಗೇ ಇವೆ. ಕೃಷಿ ಯಂತ್ರದ ಪ್ರಾಜೆಕ್ಟು ಹಿಡಿಯುವವರಿಗೆ ಒಂದು ಪೂರ್ತಿ ಮುಂಗಾರು, ಒಂದು ಪೂರ್ತಿ ಸುಗ್ಗಿ ಸಿಗುವಂತೆ ಮೂರನೇ ವರ್ಷದಿಂದಲೇ ಕೆಲಸ ಶುರು ಮಾಡಿಸಲಿ. ಹೊಲದಲ್ಲಿ ಓಡಿಸಿ ನೋಡಿದ ರೈತನ ಸಹಿಯಿಲ್ಲದೆ ಮಾರ್ಕ್ಸ್ ಕೊಡದಿರಲಿ. ಕೆಲಸಕ್ಕೆ ಬಂದ ಡ್ರಾಯಿಂಗುಗಳನ್ನು ತಾಲ್ಲೂಕಿನ ಲೇತ್ ಅಂಗಡಿಗಳಿಗೆ ಪುಕ್ಕಟೆ ಕೊಡಲಿ, ಕಪಾಟಿನಲ್ಲಿ ಗೆದ್ದಲಿಗೆ ಬಿಡುವುದು ಬೇಡ.

ಓದುಗರಿಗೆ ಕೋರಿಕೆ: ನಿಮ್ಮ ಮನೆಯಲ್ಲಿ ಕೆಟ್ಟು ನಿಂತಿರುವ ಯಂತ್ರ ಯಾವುದು, ಮುರಿದ ಭಾಗ ಯಾವುದು, ಎಷ್ಟು ಗಂಟೆ ಓಡಿದ ಮೇಲೆ ಮುರಿಯಿತು, ಸ್ಪೇರಿಗೆ ಎಷ್ಟು ಕೇಳಿದರು, ಎಷ್ಟು ದಿನ ಕಾದಿರಿ, ಯಾರಿಗಾದರೂ ಗಾಯ ಆಯಿತೇ, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಮುರಿದ ಭಾಗವನ್ನು ಗುಜರಿಗೆ ಹಾಕಬೇಡಿ. ರಾಗಿ ಪೈರು ಎದ್ದ ಮೇಲೆ, ಎಡೆಕುಂಟೆ ಕೆಲಸ ಮುಗಿದ ವಾರ, ಹತ್ತಿರದ ಇಂಜಿನಿಯರಿಂಗ್ ಕಾಲೇಜುಗಳ ಗೇಟಿನ ಮುಂದೆ ಅವನ್ನೆಲ್ಲ ಸಾಲಾಗಿ ಇಟ್ಟು, ನಮ್ಮ ಮಕ್ಕಳನ್ನೂ ಅವರ ಮೇಷ್ಟ್ರುಗಳನ್ನೂ ಹೊರಗೆ ಕರೆಯೋಣ.